ಬೂಟಿನ ದುಡ್ಡು ಯಾರ ಕಿಸೆಯದು?

ಪ್ರಶ್ನೆ: ನಮ್ಮ ರೈಸ್ ಮಿಲ್ಲಿನಲ್ಲಿ ಮೂವತ್ತು ಜನರಿದ್ದಾರೆ. ಹೋದ ವರ್ಷ ಎಲ್ಲರಿಗೂ ಸೇಫ್ಟಿ ಶೂ ಕೊಡಿಸಿದೆ. ಎರಡು ವಾರಕ್ಕೆ ಅವೆಲ್ಲ ಗೋದಾಮಿನ ಮೂಲೆ ಸೇರಿದವು, ಕಾಲಿಗೆ ಮತ್ತೆ ಹವಾಯಿ ಚಪ್ಪಲಿ. ಕೊಡುವುದು ಕೊಟ್ಟಾಯಿತು. ಇನ್ನು ಅವರ ಹಣೆಬರಹ ಅಲ್ಲವೇ?
— ಮಿಲ್ ಮಾಲೀಕರು, ಸಿರುಗುಪ್ಪ

ಉತ್ತರ: ಅಲ್ಲ ಸ್ವಾಮಿ. 1948ರ ಕಾರ್ಖಾನೆ ಕಾಯ್ದೆಯಲ್ಲೇ ತಿಳಿವಳಿಕೆ, ತರಬೇತಿ, ಮೇಲ್ವಿಚಾರಣೆ ಮೂರೂ ಮಾಲೀಕರ ಹೊಣೆಯಾಗಿದ್ದವು. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಹೊಸ ಸುರಕ್ಷತಾ ಸಂಹಿತೆಯೂ ನಿಮ್ಮನ್ನು ಬಿಡುವುದಿಲ್ಲ. ಕೊಟ್ಟದ್ದನ್ನು ಹಾಕಿಕೊಳ್ಳುವುದು ಕಾರ್ಮಿಕರ ಕರ್ತವ್ಯ, ನಿಜ. ಆದರೆ ಹಾಕಿಕೊಳ್ಳಲು ಆಗುವಂಥದ್ದನ್ನು ಕೊಟ್ಟಿರಬೇಕಲ್ಲ?

ಒಂದೇ ಲಾಟಿನಲ್ಲಿ ಎಂಟು, ಒಂಬತ್ತು ನಂಬರು ತಂದಿರುತ್ತೀರಿ. ಚಿಕ್ಕಂದಿನಿಂದ ಗದ್ದೆಯಲ್ಲಿ ಬರಿಗಾಲಲ್ಲಿ ತಿರುಗಿದವರ ಪಾದ ಬೆರಳಿನ ಹತ್ತಿರ ಅಗಲ. ಉದ್ದ ಸರಿಹೋದರೂ ಕಿರುಬೆರಳನ್ನು ಸ್ಟೀಲ್ ಟೋಪಿ ಒತ್ತುತ್ತದೆ. ಸಂಜೆ, ಕಾಲು ಸ್ವಲ್ಪ ಬಾತಿರುವ ಹೊತ್ತಿಗೆ ಒಬ್ಬೊಬ್ಬರ ಅಳತೆ ತೆಗೆಸಿ. ಬೇಸಿಗೆಯ ಬೆವರಿಗೆ ಹತ್ತಿಯ ಕಾಲುಚೀಲ ಎರಡು ಜೊತೆಯಾದರೂ ಬೇಕು.

ಇನ್ನೊಂದು ಮಾತು. ಮಿಲ್ಲಿನ ಎಲ್ಲ ಕಾಲಿಗೂ ಒಂದೇ ಶೂ ಒಗ್ಗುವುದಿಲ್ಲ. ಮೂಟೆ ಹೊರುವ ಹಮಾಲರಿಗೆ ಭಾರತೀಯ ಮಾನಕ ಐ.ಎಸ್. 15298ರ ಎರಡನೇ ಭಾಗದ ಶೂ ಸಾಕು. ಇಪ್ಪತ್ತು ಕಿಲೋ ಭಾರ ಒಂದು ಮೀಟರ್ ಮೇಲಿಂದ ಬಿದ್ದರೂ ಅದರ ಟೋಪಿ ಬೆರಳನ್ನು ಕಾಯುತ್ತದೆ. ಭತ್ತ ನೆನೆಸುವ ತೊಟ್ಟಿಯ ಹತ್ತಿರ ಜಾರದ ಗಮ್ ಬೂಟು. ಬಾಯ್ಲರಿನ ಹೊಟ್ಟಿನ ಬೂದಿ ತೆಗೆಯುವವರಿಗೆ ಮಾತ್ರ ಗಮ್ ಬೂಟು ಬೇಡವೇ ಬೇಡ. ಆ ಬೂದಿ ಮೋಸದ್ದು. ಮೇಲೆ ತಣ್ಣಗೆ, ಬೂದು ಬಣ್ಣ. ಮೊಣಕಾಲುದ್ದ ಒಳಗೆ ಕೆಂಡ. ನಾನು ನೌಕರಿಯಲ್ಲಿದ್ದಾಗ ಒಬ್ಬ ಹುಡುಗ ಗುಡ್ಡೆಯ ಮೇಲೆ ಕಾಲಿಟ್ಟ. ಪ್ಲಾಸ್ಟಿಕ್ ಚಪ್ಪಲಿಯ ಪಟ್ಟಿ ಚರ್ಮಕ್ಕೆ ಅಂಟಿಕೊಂಡು ಬಿಡಿಸಲು ಬರಲಿಲ್ಲ. ಅಲ್ಲಿಗೆ ಹರಡು ಮುಚ್ಚುವ ಚರ್ಮದ ಬೂಟು, ಅಡಿಯಲ್ಲಿ ಬಿಸಿ ತಡೆಯುವ ರಬ್ಬರು ಬೇಕು, ಕೊಳ್ಳುವಾಗ 'ಎಚ್.ಆರ್.ಓ.' ಎಂಬ ಗುರುತು ನೋಡಿ. ಅದಕ್ಕೂ ಮೊದಲು ಬೂದಿಗೆ ನೀರು ಹೊಡೆಸಿ, ಸುತ್ತ ಕಟ್ಟೆ ಕಟ್ಟಿಸಿ.

ಪ್ರಶ್ನೆ: ಜೀನ್ಸ್ ವಾಷಿಂಗ್ ಯೂನಿಟ್ಟಿನಲ್ಲಿದ್ದೇನೆ. ನೆಲದ ತುಂಬ ಬ್ಲೀಚಿಂಗ್ ನೀರು, ಬೆರಳ ಸಂದಿ ಬೆಳ್ಳಗಾಗಿ ಒಡೆದಿದೆ. ಗಮ್ ಬೂಟು ಕೇಳಿದ್ದಕ್ಕೆ ಗುತ್ತಿಗೆದಾರರು ಪಗಾರದಲ್ಲಿ 450 ರೂಪಾಯಿ ಮುರಿದುಕೊಂಡರು. ಅದೂ ಗಂಡಸರ ಸೈಜು.
— ಒಬ್ಬ ಕಾರ್ಮಿಕಳು, ಬಳ್ಳಾರಿ

ಉತ್ತರ: ಆ 450 ನಿಮ್ಮದು ತಾಯಿ, ವಾಪಸ್ ಕೇಳಿ. ಸುರಕ್ಷತೆಗಾಗಿ ಕೊಟ್ಟ ಯಾವ ವಸ್ತುವಿಗೂ ಕಾರ್ಮಿಕರಿಂದ ಕಾಸು ಹಿಡಿಯುವಂತಿಲ್ಲ. ಹಳೆಯ ಕಾಯ್ದೆಯ 114ನೇ ಕಲಮಿನಲ್ಲಿ ಇದು ಇತ್ತು, ಹೊಸ ಸಂಹಿತೆಯಲ್ಲೂ ಇದೆ. 'ಅವರು ಗುತ್ತಿಗೆಯವರು' ಎಂದು ಮಾಲೀಕರು ನುಣುಚಿಕೊಳ್ಳಲೂ ಆಗದು, ಜಾಗ ಅವರದು. ಅರ್ಜಿ ಬರೆದು ಒಂದು ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಒಪ್ಪದಿದ್ದರೆ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ ಕೊಡಿ. ನಾಲ್ಕೈದು ಜನರ ಸಹಿ ಇದ್ದರೆ ಒಳ್ಳೆಯದು. ಇ.ಎಸ್.ಐ. ಕಾರ್ಡಿದ್ದರೆ ಕಾಲನ್ನು ಈಗಲೇ ತೋರಿಸಿ, ಚೀಟಿ ಎತ್ತಿಡಿ.

ದೊಡ್ಡ ಬೂಟು ಹಾಕಿಕೊಂಡು ಒದ್ದೆ ನೆಲದ ಮೇಲೆ ನಡೆಯುವುದು ಬರಿಗಾಲಿಗಿಂತ ಅಪಾಯ. ನಾಲ್ಕು, ಐದನೇ ನಂಬರು ಅಂಗಡಿಯಲ್ಲಿ ಸಿಗುತ್ತವೆ, ತರಿಸಲು ಮನಸ್ಸು ಬೇಕಷ್ಟೆ. ತೂತಾದ ಬೂಟನ್ನಂತೂ ಹಾಕಬೇಡಿ. ಒಳಗೆ ನಿಂತ ಬ್ಲೀಚಿಂಗ್ ನೀರು ಇಡೀ ಪಾಳಿ ಕಾಲನ್ನು ತಿನ್ನುತ್ತದೆ. ಮಾಲೀಕರಿಗೆ ನಾನು ಹೇಳುವುದಾದರೆ, ಮೊದಲು ಚರಂಡಿಗೆ ಇಳಿಜಾರು ಕೊಡಿ ಎನ್ನುತ್ತೇನೆ. ನೀರು ನಿಲ್ಲುವ ನೆಲವನ್ನು ಹಾಗೇ ಬಿಟ್ಟು ಬೂಟು ಹಂಚುವುದು ಸೋರುವ ಮನೆಯೊಳಗೆ ಕೊಡೆ ಹಿಡಿದಂತೆ.

ಪ್ರಶ್ನೆ: ಎರಡೆಕರೆ ಮೆಣಸಿನಕಾಯಿ ಇದೆ. ಔಷಧಿ ಹೊಡೆಯಲು ಇಬ್ಬರು ಕೂಲಿಯವರು ಬರುತ್ತಾರೆ. ನನ್ನದೇನು ಫ್ಯಾಕ್ಟರಿಯೇ, ಬೂಟು ಕೊಡಲು?
— ರೈತರು, ಕುರುಗೋಡು

ಉತ್ತರ: ಫ್ಯಾಕ್ಟರಿ ಅಲ್ಲ, ಆ ಕಾನೂನು ನಿಮಗಿಲ್ಲ. ಆದರೆ 1971ರ ಕೀಟನಾಶಕ ನಿಯಮಗಳು ಸಿಂಪಡಿಸುವವರಿಗೆ ರಕ್ಷಣೆಯ ಉಡುಪು ಬೇಕೆನ್ನುತ್ತವೆ. ಔಷಧಿ ಹೊಡೆಯುವ ಕೂಲಿಯವರು ಕೆಲಸದಲ್ಲಿ ಆಗುವ ಅಪಘಾತದ ಪರಿಹಾರ ಕಾನೂನಿನ ಪಟ್ಟಿಯಲ್ಲೂ ಇದ್ದಾರೆ. ಎರಡು ಜೊತೆ ಗಮ್ ಬೂಟು ತಂದಿಡಿ, ಬಹಳ ಖರ್ಚಿನದಲ್ಲ. ಪ್ಯಾಂಟನ್ನು ಬೂಟಿನ ಒಳಗೆ ತುರುಕದೆ ಹೊರಗೆ ಇಳಿಬಿಡಲು ಹೇಳಿ, ಇಲ್ಲದಿದ್ದರೆ ತೊಟ್ಟಿಕ್ಕುವ ಔಷಧಿಯೆಲ್ಲ ನೇರ ಪಾದಕ್ಕೆ ಇಳಿಯುತ್ತದೆ. ಕೆಲಸ ಮುಗಿದ ಮೇಲೆ ಬೂಟನ್ನು ಹೊಲದ ಬದುವಿನಲ್ಲೇ ತೊಳೆಸಿ. ಕಾಲುವೆಗೆ ಒಯ್ಯಬೇಡಿ, ಕೆಳಗೆ ದನ ನೀರು ಕುಡಿಯುತ್ತಿರುತ್ತವೆ.