ಉಸಿರಿನೊಡನೆ ಬರುವ ವಿಕಿರಣ: ರೇಡಾನ್ ಡೋಸಿನ ಲೆಕ್ಕ

ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಷ್ನೇಬರ್ಗ್ ಗಣಿಗಳಲ್ಲಿ ದುಡಿಯುತ್ತಿದ್ದವರು ಎದೆಯ ಬೇನೆಯಿಂದ ಅಕಾಲಮರಣಕ್ಕೆ ತುತ್ತಾಗುತ್ತಿದ್ದುದು ಶತಮಾನಗಳಿಂದ ತಿಳಿದ ಸಂಗತಿಯಾಗಿತ್ತು. ಆ ಬೇನೆಯು ಶ್ವಾಸಕೋಶದ ಮಾರಕ ಗೆಡ್ಡೆಯೆಂಬುದನ್ನು ಹಾರ್ಟಿಂಗ್ ಮತ್ತು ಹೆಸ್ಸೆ ಎಂಬ ವೈದ್ಯರು 1879ರಲ್ಲಿ ತೋರಿಸಿಕೊಟ್ಟರು. ಅದರ ನಿಜವಾದ ಕಾರಣ ಮಾತ್ರ ಅವರಿಗೆ ಗೋಚರಿಸುವಂತಿರಲಿಲ್ಲ. ವಿಕಿರಣಪಟುತ್ವವೇ ಆಗಿನ್ನೂ ಪತ್ತೆಯಾಗಿರಲಿಲ್ಲ.

ರೇಡಿಯಂ ಧಾತುವಿನಿಂದ ವಿಕಿರಣಪಟು ಅನಿಲವೊಂದು ಹೊರಡುವುದನ್ನು ಡಾರ್ನ್ ಎಂಬ ವಿಜ್ಞಾನಿ 1900ರಲ್ಲಿ ಕಂಡುಹಿಡಿದನು. ಅದೇ ರೇಡಾನ್. ಯುರೇನಿಯಂ ಉಳ್ಳ ಶಿಲೆಗಳಿಂದ ಅದು ಸದಾ ಹೊರಸೂಸುತ್ತಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದರ ಅರ್ಧಾಯು 3.8 ದಿನಗಳು.

ಇಲ್ಲಿ ಒಂದು ಸಮಸ್ಯೆ ತಲೆದೋರಿತು. ಒಳಸೇರಿದ ರೇಡಾನಿನ ಬಹುಭಾಗವು ಕ್ಷಯಿಸುವ ಮುನ್ನವೇ ನಿಶ್ವಾಸದೊಡನೆ ಹೊರಬೀಳುತ್ತದೆ; ಅಲ್ಪಭಾಗ ಮಾತ್ರ ರಕ್ತದಲ್ಲಿಯೂ ಕೊಬ್ಬಿನಲ್ಲಿಯೂ ಕರಗುತ್ತದೆ. ಅನಿಲವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಶ್ವಾಸಕೋಶದ ಡೋಸು ಅತ್ಯಲ್ಪವೆನಿಸುತ್ತದೆ. ಹಾಗಾದರೆ ಗಣಿಗಾರರ ರೋಗಕ್ಕೆ ಕಾರಣವೇನು? ಎಣಿಸಬೇಕಾದುದು ಅನಿಲವನ್ನಲ್ಲ, ಅದರ ಸಂತತಿಯನ್ನು ಎಂದು 1951ರಲ್ಲಿ ಅಮೆರಿಕದ ವಿಲಿಯಂ ಬೇಲ್ ತೋರಿಸಿದನು. ರೇಡಾನ್ ಕ್ಷಯಿಸಿದಾಗ ಹುಟ್ಟುವ ಪೊಲೋನಿಯಂ, ಸೀಸ, ಬಿಸ್ಮತ್‌ಗಳು ಘನಧಾತುಗಳು. ಅವು ಗಾಳಿಯ ಧೂಳಿನ ಕಣಗಳಿಗೆ ಅಂಟಿಕೊಂಡು ಶ್ವಾಸನಾಳದ ಒಳಗೋಡೆಯ ಮೇಲೆ ನೆಲೆಸುತ್ತವೆ. ಅವುಗಳಲ್ಲಿ ಅಲ್ಪಾಯುಗಳ ಅರ್ಧಾಯು ಅರ್ಧ ಗಂಟೆಗೂ ಕಡಿಮೆ. ಆದುದರಿಂದ ಕಫವು ಅವನ್ನು ಹೊರಸಾಗಿಸುವ ಮೊದಲೇ ಅವು ಅಲ್ಲಿಯೇ ಕ್ಷಯಿಸುತ್ತವೆ. ಪೊಲೋನಿಯಂ ಹೊರಡಿಸುವ ಆಲ್ಫಾ ಕಣವು ಅಂಗಾಂಶದಲ್ಲಿ ಮಿಲಿಮೀಟರಿನ ಹತ್ತನೆಯ ಒಂದು ಭಾಗವನ್ನೂ ಕ್ರಮಿಸಲಾರದು. ಆದರೆ ಶ್ವಾಸನಾಳದ ಸೂಕ್ಷ್ಮ ಜೀವಕೋಶಗಳು ಅಷ್ಟರೊಳಗೇ ಇವೆ. ಹೀಗಾಗಿ ಶಕ್ತಿಯ ಬಹುಪಾಲು ಅಲ್ಲಿಯೇ ವ್ಯಯವಾಗುತ್ತದೆ. ಮೂತ್ರಪಿಂಡ, ಅಸ್ಥಿಮಜ್ಜೆ ಮೊದಲಾದ ಅಂಗಗಳಿಗೆ ತಲಪುವುದು ಬಹಳ ಕಡಿಮೆ.

ಒಂದು ಅಂಗವು ಹೀರಿಕೊಂಡ ಶಕ್ತಿಯನ್ನು ಅದರ ತೂಕದಿಂದ ಭಾಗಿಸಿದರೆ ದೊರೆಯುವುದು 'ಗ್ರೇ'. ಆಲ್ಫಾ ಕಣಗಳ ಹಾನಿ ಅಧಿಕವಾದುದರಿಂದ ಅದನ್ನು 20ರಿಂದ ಗುಣಿಸಿ 'ಸೀವರ್ಟ್' ಪಡೆಯುತ್ತಾರೆ. ಇಡೀ ದೇಹದ ಅಪಾಯವನ್ನು ಅಳೆಯುವಾಗ ಶ್ವಾಸಕೋಶದ ಪಾಲಿಗೆ 0.12 ಎಂಬ ಗುಣಾಂಕವಿದೆ.

ಒಂದು ಉದಾಹರಣೆ: ಮನೆಯ ಗಾಳಿಯಲ್ಲಿ ಘನಮೀಟರಿಗೆ 100 ಬೆಕೆರೆಲ್ ರೇಡಾನ್ ಇದೆಯೆನ್ನೋಣ. ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಸೂಚಿಸಿದ ಮಟ್ಟವೂ ಇದೇ. ಒಳಾಂಗಣದಲ್ಲಿ ಸಂತತಿಯ ಅಂಶ ಸುಮಾರು 0.4, ವರ್ಷದಲ್ಲಿ ಮನೆಯೊಳಗಿನ ವಾಸ ಸುಮಾರು 7000 ಗಂಟೆ. ಈ ಮೂರನ್ನೂ ಗುಣಿಸಿದರೆ 2,80,000. ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿಯ ಗುಣಾಂಕವಾದ 9 ನ್ಯಾನೋಸೀವರ್ಟ್‌ನಿಂದ ಇದನ್ನು ಗುಣಿಸಿದಾಗ ವಾರ್ಷಿಕ ಡೋಸು ಸುಮಾರು 2.5 ಮಿಲಿಸೀವರ್ಟ್ ಆಗುತ್ತದೆ. ಅಂತರರಾಷ್ಟ್ರೀಯ ವಿಕಿರಣ ಸಂರಕ್ಷಣಾ ಆಯೋಗವು 2017ರಲ್ಲಿ ನೀಡಿದ ಗುಣಾಂಕವನ್ನು ಬಳಸಿದರೆ ಇದು ಸುಮಾರು ಇಮ್ಮಡಿಯಾಗುತ್ತದೆ. ಗಾಳಿ ಅದೇ, ಉಸಿರೂ ಅದೇ. ಬೇರೆಯಾದುದು ಅಂದಾಜು ಮಾತ್ರ.

ಆದಕಾರಣ ಡೋಸಿನ ಅಂಕಿಯನ್ನು ತಕ್ಕಡಿಯ ತೂಕದಂತೆ ಭಾವಿಸಲಾಗದು. ಆದರೆ ಎರಡು ಲೆಕ್ಕಗಳೂ ಒಂದೇ ಅಂಗದತ್ತ ಬೆರಳು ತೋರಿಸುತ್ತವೆ, ಒಂದೇ ಪರಿಹಾರವನ್ನು ಹೇಳುತ್ತವೆ: ನೆಲದ ಬಿರುಕುಗಳನ್ನು ಮುಚ್ಚಿ, ಗಾಳಿಯ ಸಂಚಾರಕ್ಕೆ ದಾರಿ ಮಾಡಬೇಕು. ಷ್ನೇಬರ್ಗಿನ ಗಣಿಗಾರರಿಗೆ ಈ ಅರಿವು ಒದಗಲಿಲ್ಲ. ಅವರ ಮರಣದಿಂದಲೇ ಅದು ಉಳಿದವರಿಗೆ ಲಭಿಸಿತು.