ಲ್ಯಾಬ್ರಡಾರೋ, ಮುಧೋಳವೋ?

ಪ್ರಶ್ನೆ: ರಾಯಚೂರಿನಲ್ಲಿ ನಮ್ಮದು ಸ್ವಂತ ಮನೆ, ಚಿಕ್ಕ ಅಂಗಳ, ನಾಲ್ಕಡಿ ಕಾಂಪೌಂಡು. ಏಳು ಮತ್ತು ಹತ್ತು ವರ್ಷದ ಮಕ್ಕಳು ಲ್ಯಾಬ್ರಡಾರ್ ಬೇಕೆಂದು ಹಟ ಹಿಡಿದಿದ್ದಾರೆ. ದೇವದುರ್ಗದಲ್ಲಿ ಕುರಿ ಸಾಕಿರುವ ಮಾವನವರು ‘ಮುಧೋಳ ತನ್ನಿ’ ಎನ್ನುತ್ತಾರೆ. ಭಾನುವಾರ ಮಾನ್ವಿಯ ನಮ್ಮ ಗದ್ದೆಗೆ ಹೋಗುತ್ತೇವೆ. ಹಗಲು ಮನೆಯಲ್ಲಿ ಅಮ್ಮ ಒಬ್ಬರೇ. ಯಾವುದು ಸರಿ?
– ಹೆಸರು ಬೇಡ, ರಾಯಚೂರು

ಉತ್ತರ: ಎರಡೂ ಮೈ ದಣಿಯಬೇಕಾದ ಜಾತಿಗಳೇ. ಕಟ್ಟಿಹಾಕಿದರೆ ಒಂದು ಚಪ್ಪಲಿ ಕಡಿಯುತ್ತದೆ, ಇನ್ನೊಂದು ಗೋಡೆ ಹಾರುತ್ತದೆ. ಬೆಳಗಿನ ಐದೂವರೆಗೆ ಎದ್ದು ಅದನ್ನು ಸುತ್ತಾಡಿಸುವವರು ಯಾರು ಎಂಬುದನ್ನು ಮೊದಲು ತೀರ್ಮಾನಿಸಿ. ಯಾರೂ ಒಪ್ಪದಿದ್ದರೆ ನಾಯಿಯೇ ಬೇಡ.

ಮಕ್ಕಳೊಂದಿಗೆ ಬೆರೆಯುವುದರಲ್ಲಿ ಲ್ಯಾಬ್ರಡಾರ್‌ಗೆ ಸಾಟಿಯಿಲ್ಲ. ಆದರೆ ಅದರ ಮೂಲ ಕೆನಡಾದ ನ್ಯೂಫೌಂಡ್‌ಲ್ಯಾಂಡ್. ತಣ್ಣೀರಿಗೆ ಹೇಳಿ ಮಾಡಿಸಿದ ಎರಡು ಪದರದ ಕೂದಲು. ನಮ್ಮ ಬೇಸಿಗೆಯೋ 40 ಡಿಗ್ರಿ ದಾಟುತ್ತದೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಗೆ ಚಾಚಿ ತೇಕಿಯೇ ಮೈ ತಣಿಸಿಕೊಳ್ಳಬೇಕು. ಏಪ್ರಿಲ್ ಸಂಜೆ ನಿಮ್ಮ ಓಣಿಯ ಸಿಮೆಂಟ್ ರಸ್ತೆಗೆ ಅಂಗೈ ಊರಿ ನೋಡಿ. ಐದು ಸೆಕೆಂಡ್ ತಡೆಯಲಾಗದಿದ್ದರೆ ಅದರ ಪಾದವೂ ತಡೆಯದು. ಮಧ್ಯಾಹ್ನ ಕೂಲರ್ ಕೋಣೆ ಬೇಕೇ ಬೇಕು. ತಿನ್ನುವ ಚಪಲ ಬೇರೆ. ಅಮ್ಮ ಪ್ರೀತಿಯಿಂದ ಹಾಕುವ ರೊಟ್ಟಿ ಚೂರುಗಳೇ ಬೊಜ್ಜಾಗುತ್ತವೆ.

ಮುಧೋಳ ಬಾಗಲಕೋಟೆ ಜಿಲ್ಲೆಯದು. ತೆಳು ಮೈ, ಗಿಡ್ಡ ಕೂದಲು, ಬಯಲುಸೀಮೆ ಬಿಸಿಲಿಗೆ ಒಗ್ಗಿದ ಜೀವ. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದಿದೆ. ಓಡಿಸಿ ತಂದರೆ ಮನೆಯೊಳಗೆ ತೆಪ್ಪಗೆ ಮಲಗುತ್ತದೆ. ಆದರೆ ಅದು ಕಣ್ಣಿಗೆ ಬಿದ್ದದ್ದನ್ನು ಅಟ್ಟುವ ಬೇಟೆನಾಯಿ. ಕೋಳಿ, ಆಡು, ಬೆಕ್ಕು ಯಾವುದು ಓಡಿದರೂ ನಿಮ್ಮ ಕೂಗು ಕಿವಿಗೆ ಬೀಳದು. ಮಾವನವರ ಕುರಿಹಟ್ಟಿಯ ಹತ್ತಿರ, ಮಾನ್ವಿಯ ಕಾಲುವೆ ದಾರಿಯಲ್ಲಿ ಬೆಲ್ಟ್ ಬಿಚ್ಚಲೇಬೇಡಿ. ಬಾಲ, ಕಿವಿ ಎಳೆದಾಡಿದರೆ ಅದಕ್ಕೆ ಸೇರದು. ಇದನ್ನು ಮಕ್ಕಳಿಗೆ ಮೊದಲೇ ಹೇಳಿಕೊಡಿ.

ನಿಮ್ಮ ಮನೆಗೆ ನನ್ನ ಮತ ಮುಧೋಳಕ್ಕೆ, ಕಾಂಪೌಂಡು ಆರಡಿಗೆ ಏರಿಸುವುದಾದರೆ ಮಾತ್ರ. ಅದಾಗದಿದ್ದರೆ ಕೂಲರ್ ಖರ್ಚಿಗೆ ಸಿದ್ಧರಾಗಿ ಲ್ಯಾಬ್ರಡಾರ್ ತನ್ನಿ. ಮುಧೋಳ ಮರಿಗೆ ಮೊದಲು ಮುಧೋಳ ಸಮೀಪದ ತಿಮ್ಮಾಪುರದಲ್ಲಿರುವ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ. ಯಾವ ಜಾತಿಯಾದರೂ ತಾಯಿನಾಯಿಯನ್ನು ಕಣ್ಣಾರೆ ನೋಡಿ, ಮೂರು ತಿಂಗಳಿಗೆ ರೇಬೀಸ್ ಲಸಿಕೆ ತಪ್ಪಿಸಬೇಡಿ. ಎರಡು ತಿಂಗಳು ತುಂಬದ ಮರಿಯನ್ನು ಯಾರು ಎಷ್ಟು ಕಡಿಮೆಗೆ ಕೊಟ್ಟರೂ ತರಬೇಡಿ.