ಬಾಳೆಹಣ್ಣು ಕಡೆಗೆ

ಮಗಳ ಎಂಟನೇ ಹುಟ್ಟುಹಬ್ಬಕ್ಕೆ ಕೇಕಿನ ಜೊತೆ ಹಣ್ಣಿನ ಸಲಾಡ್ ಇರಲಿ ಎಂದು ಹಿಂದಿನ ರಾತ್ರಿಯೇ ಕೂತು ಹಣ್ಣು ಹೆಚ್ಚಿದ್ದೆ. ಕಲ್ಲಂಗಡಿ, ಪಪ್ಪಾಯ, ಸೇಬು, ಏಲಕ್ಕಿ ಬಾಳೆ, ಒಂದಿಷ್ಟು ದ್ರಾಕ್ಷಿ. ಮೇಲೆ ನಾಲ್ಕು ಚಮಚ ಸಕ್ಕರೆ ಉದುರಿಸಿ ಫ್ರಿಜ್ಜಿನಲ್ಲಿಟ್ಟು ಮಲಗಿದೆ. ಮರುದಿನ ಸಂಜೆ ಮುಚ್ಚಳ ತೆಗೆದರೆ ಅರ್ಧ ಪಾತ್ರೆ ತೆಳು ಕೆಂಪು ನೀರು, ಅದರಲ್ಲಿ ಕಪ್ಪಿಟ್ಟ ಬಾಳೆಹಣ್ಣಿನ ಬಿಲ್ಲೆಗಳು. ಮಕ್ಕಳು ದ್ರಾಕ್ಷಿಯನ್ನಷ್ಟೇ ಹೆಕ್ಕಿ ತಿಂದು ಬಟ್ಟಲು ಅತ್ತ ಸರಿಸಿದರು. ಅಷ್ಟೊಂದು ಒಳ್ಳೆಯ ಹಣ್ಣು ಹಾಳಾಯಿತಲ್ಲ ಎಂದು ಸಂಕಟವಾಯಿತು.

ಸಾಗರದ ಕಡೆಯವರಾದ ಅತ್ತೆ ಪಾತ್ರೆಯೊಳಗೆ ಒಮ್ಮೆ ಇಣುಕಿ, "ಸಕ್ಕರೆ ಹಾಕಿಟ್ರೆ ಹಣ್ಣು ನೀರು ಬಿಡ್ದೇ ಇರ್ತದಾ ಮಾರಾಯ್ತಿ?" ಎಂದರು.

ಅವರ ಮಾತಿನಲ್ಲಿ ವಿಜ್ಞಾನವೇ ಇತ್ತು. ಕಲ್ಲಂಗಡಿಯಲ್ಲಿ ನೂರಕ್ಕೆ 92ರಷ್ಟು ನೀರು, ಬಾಳೆಹಣ್ಣಿನಲ್ಲಿ 75ರ ಆಸುಪಾಸು. ಹೆಚ್ಚಿದ ಹೋಳಿನ ಮೇಲೆ ಸಕ್ಕರೆ ಬಿದ್ದರೆ ಒಳಗಿನ ನೀರನ್ನು ಹೊರಗೆಳೆಯುತ್ತದೆ. ಉಪ್ಪು ಹಾಕಿದ ಸೌತೆಕಾಯಿ ಕೋಸಂಬರಿ ನೀರಾಗುವುದೂ ಹೀಗೆಯೇ. ಇನ್ನು ಬಾಳೆಹಣ್ಣು, ಸೇಬು ಕಪ್ಪಾಗುವುದಕ್ಕೆ ಅವುಗಳಲ್ಲಿರುವ ಒಂದು ಕಿಣ್ವ ಕಾರಣ. ಚಾಕು ತಾಗಿ ಜೀವಕೋಶ ಒಡೆದು ಗಾಳಿ ಸೋಕಿದೊಡನೆ ಅದು ಕೆಲಸ ಶುರುಮಾಡುತ್ತದೆ. ನಿಂಬೆರಸದ ಹುಳಿ ಅದನ್ನು ಹತ್ತಿಕ್ಕುತ್ತದೆ.

ಮುಂದಿನ ಭಾನುವಾರ ಅತ್ತೆ ಬಾಳೆಹಣ್ಣಿನ ರಸಾಯನ ಮಾಡಿದರು. ನಾನು ಪಕ್ಕದಲ್ಲೇ ನಿಂತು ನೋಡಿದೆ. ಮೊದಲು ತೆಂಗಿನಕಾಯಿ ತುರಿದು, ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಗಟ್ಟಿ ಹಾಲು ತೆಗೆದರು. ಅದಕ್ಕೆ ಪುಡಿಮಾಡಿದ ಬೆಲ್ಲ, ಎರಡು ಏಲಕ್ಕಿ, ಚಿಟಿಕೆ ಉಪ್ಪು. ಇಷ್ಟು ತಯಾರಾದ ಮೇಲೆಯೇ ಹಣ್ಣಿನ ಸಿಪ್ಪೆ ಸುಲಿದದ್ದು. ಹಣ್ಣನ್ನು ಎಡಗೈಯಲ್ಲಿ ಪಾತ್ರೆಯ ಮೇಲೆಯೇ ಹಿಡಿದು ತೆಳ್ಳಗೆ ಕೊಯ್ದರು; ಪ್ರತಿ ಬಿಲ್ಲೆಯೂ ನೇರ ಕಾಯಿಹಾಲಿಗೆ ಬಿದ್ದು ಮುಳುಗಿತು. ಗಾಳಿಗೆ ಬಿಡುವೇ ಸಿಗಲಿಲ್ಲ. ಅತ್ತ ಕಾವಲಿಯಲ್ಲಿ ದೋಸೆ ಆಗುತ್ತಿತ್ತು. ಹತ್ತು ನಿಮಿಷದೊಳಗೆ ಪಾತ್ರೆ ಬರಿದಾಯಿತು.

ಮಾಡಿದ ತಕ್ಷಣ ತಿನ್ನುವ ಪದಾರ್ಥ ಇದು ಎಂದು ನನಗೆ ಅಂದು ಹೊಳೆಯಿತು. ಹಾಗೆಂದು ಬೆಲ್ಲ, ಕಾಯಿಹಾಲಿನ ರಸಾಯನ ದಿನನಿತ್ಯದ್ದಲ್ಲ. ಮಾವನವರಿಗೆ ಸಕ್ಕರೆ ಕಾಯಿಲೆ ಇರುವುದರಿಂದ ನಿತ್ಯದ ಬಟ್ಟಲಿಗೆ ಸಿಹಿ ಏನನ್ನೂ ಬೆರೆಸುವುದಿಲ್ಲ. ಅದರಲ್ಲಿ ಸೀಬೆ ಇದ್ದೇ ಇರುತ್ತದೆ. ಬೆಲೆಯಲ್ಲಿ ಸೋವಿಯಾದ ಸೀಬೆಯಲ್ಲಿ ಕಿತ್ತಳೆಗಿಂತ ಮೂರ್ನಾಲ್ಕು ಪಟ್ಟು ಸಿ ಜೀವಸತ್ವವಿದೆ. ದಿನಕ್ಕೆ ಹಣ್ಣು-ತರಕಾರಿ ಸೇರಿ ಕನಿಷ್ಠ 400 ಗ್ರಾಂ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಳಗಿನ ಒಂದು ಬಟ್ಟಲು ಅದರಲ್ಲಿ ಒಳ್ಳೆಯ ಪಾಲು.

ಅನಾನಸ್ ಕಲಿಸಿದ ಪಾಠ ಬೇರೆ. ಒಮ್ಮೆ ಹಸಿ ಅನಾನಸ್ ಹೋಳಿಗೆ ಮೊಸರು ಕಲಸಿಟ್ಟೆ, ಊಟದ ಹೊತ್ತಿಗೆ ಕಹಿ. ಅದರಲ್ಲಿರುವ ಬ್ರೊಮೆಲಿನ್ ಎಂಬ ಕಿಣ್ವ ಮೊಸರಿನ ಪ್ರೋಟೀನನ್ನು ಒಡೆಯುತ್ತದೆ. ಕುದಿಸಿದರೆ ಆ ಶಕ್ತಿ ಹೋಗುತ್ತದೆ. ಮೊಸರು ಬೇಕೆನಿಸಿದರೆ ದಾಳಿಂಬೆ, ಸೇಬು ಸಾಕು.

ಕಲ್ಲಂಗಡಿ, ಕರಬೂಜವನ್ನು ಕೊಯ್ಯುವ ಮೊದಲೇ ಉಜ್ಜಿ ತೊಳೆಯುವುದನ್ನು ಮಾತ್ರ ಯಾರೂ ಬಿಡಬಾರದು. ಸಿಪ್ಪೆ ಎಸೆಯುವುದೇ ಆದರೂ ಅದರ ಮೇಲಿನ ಕೊಳೆಯನ್ನು ಚಾಕು ತಿರುಳಿಗೆ ಒಯ್ಯುತ್ತದೆ.

ಈಗ ನಮ್ಮಲ್ಲಿ ಮೊದಲು ಬಟ್ಟಲಿಗೆ ಬೀಳುವುದು ಅರ್ಧ ನಿಂಬೆಹಣ್ಣಿನ ರಸ. ಆಮೇಲೆ ಸೀಬೆ, ಸೇಬು, ದಾಳಿಂಬೆ. ಪಪ್ಪಾಯ ನಂತರ. ಎಲ್ಲರೂ ಊಟದ ಮೇಜಿಗೆ ಬಂದು ಕೂತ ಮೇಲೆ ಮಗಳು ಎರಡು ಏಲಕ್ಕಿ ಬಾಳೆ ಸುಲಿದು, ಅಜ್ಜಿಯ ಹಾಗೆಯೇ ಬಟ್ಟಲಿನ ಮೇಲೆ ಹಿಡಿದು ಕೊಯ್ಯುತ್ತಾಳೆ.